ಮರದ ಟಿಯರ್‌ಡ್ರಾಪ್ ಟ್ರೇಲರನ್ನು ಹೇಳಿ ಮಾಡಿಸುವ ಮುನ್ನ ಏನೇನು ನೋಡಬೇಕು?

ನೀವು ಕೇಳಿರುವುದನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನೀವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ದಂಪತಿ, ಜೊತೆಗೆ ಆರು ವರ್ಷದ ಮಗಳು, ಮನೆಯಲ್ಲಿರುವುದು ಪೆಟ್ರೋಲ್ ಎಂಜಿನ್ನಿನ ಹೋಂಡಾ ಸಿಆರ್-ವಿ ಕಾರು. 1940ರ ದಶಕದ ಮಾದರಿಯ, ಕಾರಿನ ಹಿಂದೆ ಎಳೆದೊಯ್ದು ಒಳಗೆ ಮಲಗಬಹುದಾದ, ನೀರಹನಿಯ ಆಕಾರದ, ಹೊರಮೈಯೂ ವಾರ್ನಿಷ್ ಹಚ್ಚಿದ ಮರದ್ದೇ ಆದ ಟಿಯರ್‌ಡ್ರಾಪ್ ಟ್ರೇಲರೊಂದನ್ನು ಚಿಕ್ಕ ಕಾರ್ಯಾಗಾರವೊಂದರಲ್ಲಿ ಮಾಡಿಸಬೇಕೆಂದಿದ್ದೀರಿ, ಅವರು ಅರ್ಧ ಹಣವನ್ನು ಮುಂಗಡವಾಗಿ ಕೇಳಿದ್ದಾರೆ, ಒಪ್ಪಬಹುದೇ ಎಂಬುದು ನಿಮ್ಮ ಪ್ರಶ್ನೆ. ಇಂಥದೇ ಗಾಡಿಯೊಂದನ್ನು ನಾನು 2019ರಲ್ಲಿ ಹೇಳಿ ಮಾಡಿಸಿ, ಅಂದಿನಿಂದ ಬಳಸುತ್ತಿದ್ದೇನೆ. ಮಾಡಿಸಿಕೊಳ್ಳಿ ಎಂದೇ ನನ್ನ ಸಲಹೆ; ಆದರೆ ಈ ಕಾರಿಗೆ ಅಲ್ಲ, ಈ ಮುಂಗಡದ ಷರತ್ತಿಗೂ ಅಲ್ಲ.

ಮೊದಲು ಅಳತೆಯ ಮಾತು. ಅಮೆರಿಕದಲ್ಲಿ 1930ರ ದಶಕದಲ್ಲಿ ಕಾಣಿಸಿಕೊಂಡ ಈ ಟ್ರೇಲರುಗಳು ಎರಡನೆಯ ಮಹಾಯುದ್ಧದ ನಂತರ ಜನಪ್ರಿಯವಾದವು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಎಂಬ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚುಮಾಡಿತ್ತು, ಅದನ್ನು ನೋಡಿ ಮನೆಯ ಶೆಡ್ಡಿನಲ್ಲಿ ಕಟ್ಟಿಕೊಂಡವರು ಬಹಳ ಮಂದಿ. ಪ್ಲೈವುಡ್ ಹಾಳೆ 4 ಅಡಿಗೆ 8 ಅಡಿ ಬರುತ್ತದೆ. ಒಂದೊಂದು ಪಕ್ಕಕ್ಕೆ ಒಂದೊಂದು ಹಾಳೆ ನಿಲ್ಲಿಸಿ ಹನಿಯ ಆಕಾರಕ್ಕೆ ಕತ್ತರಿಸಿದರೆ 4 ಅಡಿ ಎತ್ತರ, 8 ಅಡಿ ಉದ್ದದ ಗೂಡು ಸಿದ್ಧವಾಗುತ್ತದೆ. ಒಳಗೆ ಮಲಗಬಹುದು, ಕೂರಬಹುದು, ನಿಲ್ಲಲಾಗದು. ಅಡುಗೆಮನೆ ಹಿಂಬದಿಯ ಮುಚ್ಚಳದ ಕೆಳಗೆ, ಬಯಲಿನಲ್ಲಿ. ಈಗ ಹೆಚ್ಚಿನವರು 5 ಅಡಿ ಅಗಲ ಮಾಡಿಸುತ್ತಾರೆ, ಏಕೆಂದರೆ ಕ್ವೀನ್ ಹಾಸಿಗೆಯ ಅಗಲ 60 ಇಂಚು. ಆ ಅಗಲದಲ್ಲಿ ನೀವಿಬ್ಬರು ನೆಮ್ಮದಿಯಾಗಿ ಮಲಗಬಹುದು. ಮಗಳಿಗಾಗಿ ಕಾಲ ಬಳಿ ಅಡ್ಡಲಾಗಿ ಒಂದು ಮಡಚುವ ಹಲಗೆಯನ್ನು ಹಾಕಿಕೊಡುತ್ತಾರೆ. ಆದರೆ ಅವಳು ಬೆಳೆಯುವ ವೇಗ ನಿಮಗೇ ಗೊತ್ತು, ಅದು ಮೂರು ನಾಲ್ಕು ವರ್ಷದ ಏರ್ಪಾಡಷ್ಟೇ. ಪಕ್ಕದಲ್ಲಿ ಅವಳಿಗೊಂದು ಪುಟ್ಟ ಡೇರೆ ಹಾಕುವ ಯೋಚನೆಯನ್ನು ಈಗಲೇ ಇಟ್ಟುಕೊಂಡರೆ ಗಾಡಿಯನ್ನು ಅನಗತ್ಯವಾಗಿ ಹಿಗ್ಗಿಸಬೇಕಾಗುವುದಿಲ್ಲ.

ಹಿಗ್ಗಿಸಬಾರದು ಎನ್ನುವುದಕ್ಕೆ ಕಾರಣ ತೂಕ. ನಿಮ್ಮ ಕಾರಿಗೆ ಹೋಂಡಾದವರು ಹೇಳಿರುವ ಎಳೆಯುವ ಮಿತಿ 1,500 ಪೌಂಡು. ಕಾರ್ಯಾಗಾರದವರು ಹೇಳುವ ತೂಕವಾದರೋ ಖಾಲಿ ಗಾಡಿಯದು, ಅದೂ ಬಹುಮಟ್ಟಿಗೆ ಯಾವ ಹೆಚ್ಚುವರಿ ಸಲಕರಣೆಯೂ ಇಲ್ಲದ ಗಾಡಿಯದು. ನನ್ನ ಗಾಡಿಯ ಖಾಲಿ ತೂಕ 1,240 ಪೌಂಡು ಎಂದು ಬರೆದುಕೊಟ್ಟಿದ್ದರು. 10 ಗ್ಯಾಲನ್ ನೀರು (ಅದೊಂದೇ 83 ಪೌಂಡು), ಬ್ಯಾಟರಿ, ಫ್ರಿಜ್ಜು, ಒಲೆ, ಹಾಸಿಗೆ, ಬಿಸಿಲು ತಡೆಯುವ ಮೇಲ್ಗಟ್ಟು, ನಾಲ್ಕು ದಿನದ ದಿನಸಿ ಎಲ್ಲವನ್ನೂ ತುಂಬಿ ಟ್ರಕ್ಕುಗಳನ್ನು ತೂಗುವ ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿದಾಗ ಮುಳ್ಳು 1,610ಕ್ಕೆ ಬಂದಿತು. ನನ್ನ ಟೊಯೋಟ ಸಿಯೆನ್ನಾ 3,500 ಪೌಂಡಿನವರೆಗೆ ಎಳೆಯುವುದರಿಂದ ನನಗೆ ಚಿಂತೆಯಿರಲಿಲ್ಲ. ನಿಮ್ಮ ಕಾರಿನಲ್ಲಾದರೆ ಟಾಹೋ ಸರೋವರದ ಕಡೆಯ ಘಟ್ಟ ಹತ್ತುವಾಗ ಎಂಜಿನ್ನಿಗೂ, ಇಳಿಯುವಾಗ ಬ್ರೇಕಿಗೂ ಅದು ಅತಿಯಾದ ಹೊರೆ. ಇನ್ನೊಂದು ತೊಡಕೂ ಇದೆ: ಕ್ಯಾಲಿಫೋರ್ನಿಯಾದ ಕಾನೂನಿನಂತೆ ಒಟ್ಟು ತೂಕ 1,500 ಪೌಂಡು ಅಥವಾ ಅದಕ್ಕಿಂತ ಹೆಚ್ಚಿರುವ ಕ್ಯಾಂಪ್ ಟ್ರೇಲರಿನ ಎರಡು ಚಕ್ರಗಳಿಗಾದರೂ ಬ್ರೇಕು ಇರಲೇಬೇಕು. ವಿದ್ಯುತ್ ಬ್ರೇಕು ಹಾಕಿಸಿದರೆ ಕಾರಿನಲ್ಲಿ ಅದರ ನಿಯಂತ್ರಕವೂ ಏಳು ಪಿನ್ನಿನ ತಂತಿಯೂ ಬೇಕಾಗುತ್ತವೆ. ಆದ್ದರಿಂದ ಕಾರು ಬದಲಾಯಿಸುವ ಯೋಚನೆ ಇದ್ದರೆ ಮೊದಲು ಅದನ್ನು ತೀರ್ಮಾನಿಸಿ, ಗಾಡಿಯ ಮಾತು ಆಮೇಲೆ.

ತೂಕ ಎಷ್ಟು ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಇನ್ನೂ ಮುಖ್ಯ. ತರೀಕೆರೆಯ ಹತ್ತಿರದ ನಮ್ಮ ಊರಿನಲ್ಲಿ ಅಜ್ಜ ಗಾಡಿಗೆ ಭತ್ತದ ಮೂಟೆ ಹೇರುವಾಗ ಒಬ್ಬರನ್ನು ಮೂಕಿಯ ಬಳಿ ನಿಲ್ಲಿಸುತ್ತಿದ್ದರು. ಹಿಂಬದಿ ಭಾರವಾದರೆ ಮೂಕಿ ಮೇಲಕ್ಕೇಳುತ್ತದೆ, ಮುಂಬದಿ ಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಎರಡರ ನಡುವಿನ ಹದವನ್ನು ಕೈಯಲ್ಲಿ ಎತ್ತಿ ನೋಡಿಯೇ ತಿಳಿಯಬೇಕು. ಟ್ರೇಲರಿಗೂ ಇದೇ ಲೆಕ್ಕ, ಅಂಕಿ ಮಾತ್ರ ಸ್ಪಷ್ಟವಾಗಿದೆ: ಒಟ್ಟು ತೂಕದ ಶೇ. 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಗಾಡಿ ಹಾವಿನಂತೆ ಓಲಾಡತೊಡಗುತ್ತದೆ. ಟಿಯರ್‌ಡ್ರಾಪಿನಲ್ಲಿ ಅಡುಗೆಮನೆಯೆಲ್ಲ ಅಚ್ಚಿನ ಹಿಂದೆ ಇರುವುದರಿಂದ ಈ ಅಪಾಯ ಸಹಜವಾಗಿಯೇ ಹೆಚ್ಚು. ಒಲೆ, ಪಾತ್ರೆ, ಫ್ರಿಜ್ಜು, ನೀರಿನ ತೊಟ್ಟಿ ಎಲ್ಲವೂ ಹಿಂದೆ ಸೇರಿದರೆ ಅಚ್ಚನ್ನು ಎಲ್ಲಿ ಕೂರಿಸಿದ್ದಾರೆ ಎಂಬುದೇ ನಿರ್ಣಾಯಕವಾಗುತ್ತದೆ. ನೀರಿನ ತೊಟ್ಟಿಯನ್ನು ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಮುಂದೆ ಇಡಿಸಿ, ಬ್ಯಾಟರಿಯನ್ನು ಮುಂದಿನ ಪೆಟ್ಟಿಗೆಯಲ್ಲಿ ಇಡಿಸಿ. ಗಾಡಿಯನ್ನು ಪಡೆಯುವ ದಿನ ಮನೆಯ ತೂಕದ ಯಂತ್ರವನ್ನು ಜೊತೆಗೆ ಒಯ್ದು, ಕಾರಿಗೆ ಸಿಕ್ಕಿಸುವ ಮುಂದಿನ ಮೂತಿಯ ಕೆಳಗೆ, ಕಾರಿನ ಕೊಂಡಿಯ ಎತ್ತರಕ್ಕೆ ಸರಿಯಾಗಿ ಮರದ ದಿಮ್ಮಿಯಿಟ್ಟು ನೀವೇ ತೂಗಿ ನೋಡಿ. ಇಷ್ಟು ಚಿಕ್ಕ ಗಾಡಿಗೆ ಆ ಯಂತ್ರ ಸಾಕು.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಮರದ ಟ್ರೇಲರನ್ನು ಕೊಲ್ಲುವುದು ನೀರು, ಅದೂ ಜೋರಾಗಿ ಸುರಿದದ್ದಲ್ಲ, ಕಾಣದ ಹಾಗೆ ಒಳಗೆ ನುಸುಳಿ ಅಲ್ಲೇ ನಿಂತದ್ದು. ಹೊಸ ಗಾಡಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ನಾವು ಆ ಹೊಳಪನ್ನು ನೋಡಿ ಹಣ ಕೊಡುತ್ತೇವೆ. ನಾನು ಮಾಡಿದ್ದೂ ಅದನ್ನೇ. ಎರಡನೆಯ ಚಳಿಗಾಲದಲ್ಲಿ ಅಡುಗೆಮನೆಯ ಮುಚ್ಚಳದ ಕೀಲಿನ ಕೆಳಗೆ ಬೆರಳಗಲದ ಕಪ್ಪು ಕಲೆ ಕಂಡಿತು. ಬಿಚ್ಚಿ ನೋಡಿದರೆ ಪ್ಲೈವುಡ್ಡಿನ ಅಂಚು ನೆನೆದ ಅವಲಕ್ಕಿಯಂತಾಗಿತ್ತು. ಕೀಲಿನ ಸ್ಕ್ರೂಗಳನ್ನು ಏನೂ ಬಳಿಯದ ಬರಿಯ ಮರಕ್ಕೆ ನೇರವಾಗಿ ಕೂರಿಸಿದ್ದರು, ಅಂಚಿಗೆ ಎಪಾಕ್ಸಿ (ಬಳಿದ ಮೇಲೆ ಗಟ್ಟಿಯಾಗಿ ನೀರು ತಡೆಯುವ ರಾಳ) ಮುಟ್ಟಿಸಿಯೇ ಇರಲಿಲ್ಲ. ಮೇಲೆ ಎಷ್ಟು ಸುತ್ತು ವಾರ್ನಿಷ್ ಹಚ್ಚಿದರೇನು, ನೀರು ಹೋದದ್ದು ತೂತಿನ ಮೂಲಕ. ಮಾಡಿಕೊಟ್ಟವರು ಅದನ್ನು ಸಹಜ ಸವೆತ ಎಂದು ಹೇಳಿ ಕೈತೊಳೆದುಕೊಂಡರು. ದುರಸ್ತಿಗೆ ನನ್ನ ಮೂರು ವಾರಾಂತ್ಯಗಳು ಹೋದವು.

ಹಾಗಾಗಿ ಕಾರ್ಯಾಗಾರಕ್ಕೆ ಹೋದಾಗ ಮುಗಿದ ಗಾಡಿಯನ್ನು ನೋಡಬೇಡಿ, ಅರ್ಧ ಕಟ್ಟಿದ ಗಾಡಿಯನ್ನು ತೋರಿಸಿ ಎಂದು ಕೇಳಿ. ಪ್ಲೈವುಡ್ಡು ದೋಣಿಗಳಿಗೆ ಬಳಸುವ ಮೆರೀನ್ ದರ್ಜೆಯದೇ, ಅಥವಾ ಕನಿಷ್ಠ ನೀರಿಗೆ ಬಿಡದ ಅಂಟಿನಿಂದ ಅಂಟಿಸಿದ್ದೇ ಎಂದು ವಿಚಾರಿಸಿ. ಕತ್ತರಿಸಿದ ಪ್ರತಿಯೊಂದು ಅಂಚನ್ನೂ, ಬಾಗಿಲು ಕಿಟಕಿಗಳಿಗೆ ಕೊರೆದ ಜಾಗದ ಒಳ ಅಂಚನ್ನೂ, ನೆಲದ ಹಲಗೆಯ ಕೆಳಮೈಯನ್ನೂ ಜೋಡಿಸುವ ಮೊದಲೇ ಎಪಾಕ್ಸಿಯಿಂದ ಮುಚ್ಚುತ್ತಾರೆಯೇ ಎಂಬುದನ್ನು ಕಣ್ಣಾರೆ ನೋಡಿ. ಸ್ಕ್ರೂ ಕೂರುವ ಕಡೆ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಚಿಕ್ಕ ತೂತು ಕೊರೆಯುವ ಪದ್ಧತಿ ದೋಣಿ ಕಟ್ಟುವವರದು. ಇದನ್ನು ಮಾಡುವ ಕೆಲಸಗಾರ ಸಿಕ್ಕರೆ ಅವನು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೇಲ್ಛಾವಣಿಯ ಅಲ್ಯೂಮಿನಿಯಂ ತಗಡು ಪಕ್ಕದ ಮರವನ್ನು ಸೇರುವ ಅಂಚಿನ ಪಟ್ಟಿಯ ಕೆಳಗೆ ಬ್ಯೂಟೈಲ್ ಟೇಪು (ಸಂದು ಮುಚ್ಚುವ ಅಂಟಂಟಾದ ರಬ್ಬರಿನ ಪಟ್ಟಿ) ಇರಬೇಕು. ಬರಿಯ ಸಿಲಿಕೋನ್ ಬಳಿದಿದ್ದರೆ ಅದು ಕೆಲವೇ ವರ್ಷಗಳಲ್ಲಿ ಬಿಟ್ಟುಕೊಳ್ಳುತ್ತದೆ, ಮೇಲಾಗಿ ಅದರ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ. ಮುಚ್ಚಳಕ್ಕೆ ಹರಿಕೇನ್ ಕೀಲು ಎಂಬುದನ್ನು ಕೇಳಿ ಹಾಕಿಸಿ. ಗಾಡಿಯ ಅಗಲಕ್ಕೂ ಒಂದೇ ಸಮನೆ ಹೋಗುವ ಅಲ್ಯೂಮಿನಿಯಂ ಕೀಲು ಅದು, ಒಂದು ಪಟ್ಟಿ ಇನ್ನೊಂದರೊಳಗೆ ಸುತ್ತಿಕೊಂಡು ನೀರನ್ನು ಪಕ್ಕಕ್ಕೆ ಹರಿಸುತ್ತದೆ. ಕೊನೆಗೆ, ಪಡೆಯುವ ದಿನ ಅರ್ಧ ಗಂಟೆ ಪೈಪಿನಿಂದ ನೀರು ಬಿಡಿಸಿ, ಮುಂದಿನಿಂದಲೂ ಕೆಳಗಿನಿಂದಲೂ. ಹೆದ್ದಾರಿಯಲ್ಲಿ ಮಳೆ ಬೀಳುವುದು ಆಕಾಶದಿಂದಲ್ಲ, ಎದುರಿನಿಂದ.

ಇಷ್ಟೆಲ್ಲ ಮಾಡಿಯೂ ಹೊರಮೈ ಮರದ್ದಾದರೆ ಬಿಸಿಲಿಗೆ ವಾರ್ನಿಷ್ ಸಾಯುತ್ತದೆ. ವರ್ಷಕ್ಕೊಮ್ಮೆ, ನೆರಳಲ್ಲಿ ನಿಲ್ಲಿಸಿದರೆ ಎರಡು ವರ್ಷಕ್ಕೊಮ್ಮೆ, ಉಜ್ಜಿ ಮತ್ತೆ ಹಚ್ಚಬೇಕು. ಆ ಕೆಲಸ ನಿಮಗೆ ಹಿಡಿಸುವಂಥದಲ್ಲ ಎನಿಸಿದರೆ ಹೊರಗೆ ಅಲ್ಯೂಮಿನಿಯಂ, ಒಳಗೆ ಮರ ಎಂದು ಮಾಡಿಸಿ; ಯುದ್ಧಾನಂತರದ ಗಾಡಿಗಳಲ್ಲಿ ಅಲ್ಯೂಮಿನಿಯಂ ಹೊದಿಕೆಯವೂ ಬೇಕಾದಷ್ಟಿದ್ದವು, ಆದ್ದರಿಂದ ಸಾಂಪ್ರದಾಯಿಕತೆಗೆ ಕುಂದೇನೂ ಬಾರದು. ಗ್ಯಾರೇಜಿನೊಳಗೆ ಇಡುವುದಾದರೆ ಛಾವಣಿಯ ಫ್ಯಾನನ್ನೂ ಸೇರಿಸಿ ಎತ್ತರವನ್ನು ಅಳೆದುಕೊಳ್ಳಿ. 8 ಅಡಿಯ ಗಾಡಿ ಮೂತಿಯನ್ನು ಸೇರಿಸಿ ಸುಮಾರು 12 ಅಡಿ ಆಗುತ್ತದೆ.

ಚಕ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಕಾಲದ ನೋಟಕ್ಕಾಗಿ 12 ಇಂಚಿನ ಪುಟ್ಟ ಚಕ್ರ ಹಾಕುವುದುಂಟು, ನಾನಾದರೆ 15 ಇಂಚಿನದನ್ನೇ ಹಾಕಿಸುತ್ತೇನೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸ ಗಾಡಿಗೆ ಹಳೆಯ ದಾಸ್ತಾನಿನ ಟೈರು ಬಂದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ ಎಂಬುದನ್ನೂ ಮರೆಯಬೇಡಿ.

ಅಡುಗೆಮನೆಯನ್ನು ನಿಮ್ಮ ಅಡುಗೆಗೆ ತಕ್ಕಂತೆ ಮಾಡಿಸಿ, ಅವರ ನಕ್ಷೆಗೆ ತಕ್ಕಂತೆ ಅಲ್ಲ. ನನ್ನ ಗಾಡಿಯ ಕಪಾಟಿನ ಗೂಡುಗಳಲ್ಲಿ ಕುಕ್ಕರ್ ಹಿಡಿಸುವುದಿಲ್ಲ, ಐದು ಲೀಟರಿನ ಕುಕ್ಕರನ್ನು ಇಂದಿಗೂ ಕಾರಿನ ಡಿಕ್ಕಿಯಲ್ಲಿ ಒಯ್ಯುತ್ತೇವೆ. ನಿಮ್ಮ ಕುಕ್ಕರನ್ನೂ ದೋಸೆಕಾವಲಿಯನ್ನೂ ಕಾರ್ಯಾಗಾರಕ್ಕೇ ಒಯ್ದು ಅಳತೆ ಕೊಟ್ಟು ಬನ್ನಿ. ಮುಚ್ಚಳ ತೆರೆದಾಗ ನಿಮ್ಮಲ್ಲಿ ಎತ್ತರದವರ ತಲೆ ಬಡಿಯಬಾರದು. ಒಗ್ಗರಣೆಯ ವಾಸನೆ ಹಾಸಿಗೆಗೆ ಹತ್ತದಿರುವುದು ಈ ಗಾಡಿಯ ದೊಡ್ಡ ಗುಣ. ಚಳಿಯೆಂದು ಒಳಗೆ ಒಲೆ ಹಚ್ಚುವ ಯೋಚನೆಯನ್ನು ಮಾತ್ರ ಎಂದೂ ಮಾಡಬೇಡಿ, ಅಷ್ಟು ಪುಟ್ಟ ಗೂಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಬಹಳ ಬೇಗ ತುಂಬಿಕೊಳ್ಳುತ್ತದೆ. ಅದನ್ನು ಪತ್ತೆಮಾಡುವ ಎಚ್ಚರಿಕೆಯ ಸಾಧನ ಇರಲೇಬೇಕು. ಮೂವರ ಉಸಿರಿನ ತೇವ ರಾತ್ರಿ ಗೋಡೆಯ ಮೇಲೆ ಹನಿಗಟ್ಟುವುದರಿಂದ ಛಾವಣಿಯ ಫ್ಯಾನೂ ತೆರೆಯುವ ಎರಡು ಕಿಟಕಿಗಳೂ ಅಗತ್ಯವೇ ಹೊರತು ಶೋಕಿಯಲ್ಲ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಂಥ ಕಡೆ ಕರಡಿಗಳ ಕಾಟದಿಂದ ಆಹಾರವನ್ನು, ಟೂತ್‌ಪೇಸ್ಟ್ ಸೋಪುಗಳನ್ನೂ ಸಹ, ಕ್ಯಾಂಪಿನಲ್ಲಿರುವ ಉಕ್ಕಿನ ಪೆಟ್ಟಿಗೆಗೆ ಪ್ರತಿ ರಾತ್ರಿ ಸಾಗಿಸುವುದು ನಮ್ಮ ರೂಢಿ. ಆದ್ದರಿಂದ ದಿನಸಿಯನ್ನು ಕಪಾಟಿನಲ್ಲಿ ಬಿಡಿಬಿಡಿಯಾಗಿ ಜೋಡಿಸುವ ಬದಲು ಎತ್ತಿಕೊಂಡು ಹೋಗಬಹುದಾದ ಎರಡು ಡಬ್ಬಗಳಲ್ಲಿ ಇಡುವಂತೆ ಜಾಗ ಮಾಡಿಸಿ.

ಹಣ ಮತ್ತು ಕಾಗದ. ಅರ್ಧ ಮುಂಗಡಕ್ಕೆ ಒಪ್ಪಬೇಡಿ. ಆರ್ಡರು ಕೊಡುವಾಗ ಸ್ವಲ್ಪ, ಅದೂ ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನಲ್ಲಿ. ಉಕ್ಕಿನ ಚೌಕಟ್ಟು ಸಿದ್ಧವಾಗಿ ಅದರ ಮೇಲೆ 17 ಅಕ್ಷರಾಂಕಗಳ ವಿಐಎನ್, ಅಂದರೆ ವಾಹನದ ಗುರುತಿನ ಸಂಖ್ಯೆ, ಬಿದ್ದಾಗ ಒಂದು ಕಂತು. ಗೋಡೆಗಳು ನಿಂತು, ಎಪಾಕ್ಸಿ ಮುಗಿದು, ಇನ್ನೂ ಹೊದಿಕೆ ಹಾಕದಿರುವಾಗ ನೀವು ಹೋಗಿ ನೋಡಿ ಬಂದ ಮೇಲೆ ಇನ್ನೊಂದು. ಉಳಿದದ್ದು ನೀರು ಬಿಟ್ಟು ನೋಡಿದ ದಿನ. ನನಗೆ ಐದು ತಿಂಗಳೆಂದು ಹೇಳಿ ಹನ್ನೊಂದು ತಿಂಗಳು ಮಾಡಿದರು. ಬಹುಪಾಲು ಹಣವನ್ನು ಮೊದಲೇ ಕೊಟ್ಟಿದ್ದರಿಂದ ವಿನಯವಾಗಿ ಕಾಯುವುದೊಂದೇ ನನಗೆ ಉಳಿದಿದ್ದ ದಾರಿ. ಒಪ್ಪಂದದಲ್ಲಿ ದಿನಾಂಕವನ್ನೂ, ತಪ್ಪಿದರೆ ಏನು ಎಂಬುದನ್ನೂ, ನೀರು ಸೋರಿದರೆ ಎಷ್ಟು ವರ್ಷ ಯಾರ ಹೊಣೆ ಎಂಬುದನ್ನೂ ಬರೆಸಿಕೊಳ್ಳಿ. ಮಾರಾಟದ ರಸೀದಿಯ ಜೊತೆಗೆ ತಯಾರಕರ ಮೂಲ ಪ್ರಮಾಣಪತ್ರವನ್ನು ಪಡೆಯಿರಿ, ತೂಕದ ಮಿತಿಗಳನ್ನು ಮುದ್ರಿಸಿದ ಪಟ್ಟಿ ಗಾಡಿಯ ಮೇಲೆ ಇದೆಯೇ ನೋಡಿ. ಇವೆರಡೂ ಇಲ್ಲದವರು ನಿಮಗೆ ಮಾರುತ್ತಿರುವುದು ಕಾಗದದ ಲೆಕ್ಕದಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಯನ್ನು. ಅದನ್ನು ವಾಹನ ನೋಂದಣಿಯ ಇಲಾಖೆಯಾದ ಡಿಎಂವಿಯಲ್ಲಿ ನೋಂದಾಯಿಸುವ ಓಡಾಟವೆಲ್ಲ ನಿಮ್ಮ ತಲೆಗೆ ಬರುತ್ತದೆ. ವಿಮೆಯವರೊಡನೆಯೂ ಮೊದಲೇ ಬೆಲೆಯನ್ನು ಒಪ್ಪಿಕೊಂಡ ಪಾಲಿಸಿಯನ್ನೇ ಮಾಡಿಸಿ, ಏಕೆಂದರೆ ಕೈಯಿಂದ ಕಟ್ಟಿದ ಗಾಡಿಗೆ ಮಾರುಕಟ್ಟೆಯ ದರಪಟ್ಟಿ ಎಂಬುದು ಇರುವುದಿಲ್ಲ.

ಇವೆಲ್ಲಕ್ಕೂ ಮೊದಲು ಇಂಥದೊಂದು ಟ್ರೇಲರನ್ನು ಎರಡು ರಾತ್ರಿಗೆ ಬಾಡಿಗೆಗೆ ಪಡೆದು ಮೂವರೂ ಮಲಗಿ ನೋಡಿ. ಎಳೆಯಲು ನಿಮ್ಮ ಕಾರಿನ ಬದಲು ತಕ್ಕ ಸಾಮರ್ಥ್ಯದ ಕಾರನ್ನೂ ಬಾಡಿಗೆಗೆ ಪಡೆಯುವುದಾದರೆ, ಆ ಕಂಪನಿ ಟ್ರೇಲರ್ ಎಳೆಯಲು ಅನುಮತಿ ಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಜನವರಿ ಅಥವಾ ಫೆಬ್ರವರಿಯಲ್ಲಿ, ಕರಾವಳಿಯ ಕಡೆ ಮಳೆಯ ಮುನ್ಸೂಚನೆ ಇರುವ ವಾರಾಂತ್ಯವನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದು ಜಿಟಿಜಿಟಿ ಮಳೆಯಲ್ಲಿ ಆ ಮುಚ್ಚಳದ ಕೆಳಗೆ ನಿಂತು ಮೂವರಿಗೆ ಉಪ್ಪಿಟ್ಟು ಮಾಡಿ, ಪಾತ್ರೆ ತೊಳೆದು, ಎಲ್ಲವನ್ನೂ ಮತ್ತೆ ಒಳಗಿಟ್ಟು ಹೊರಟ ಮೇಲೆಯೂ ನಿಮ್ಮ ಮನೆಯವರಿಗೆ ಇದೇ ಬೇಕು ಎನಿಸಿದರೆ ಕಾರ್ಯಾಗಾರದವರಿಗೆ ಫೋನು ಮಾಡಿ.