ನನ್ನ ನಾಯಿ ದಪ್ಪವಾಗಿದೆಯಾ? ಮನೆಯಲ್ಲೇ ನೋಡುವುದು ಹೇಗೆ?

ನಿಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ, ತೂಕ 34 ಕಿಲೋ, ಇದು ಸರಿಯೋ ಜಾಸ್ತಿಯೋ ಎಂದು ಕೇಳಿದ್ದೀರಿ. ಬರೀ 34 ಅಂದರೆ ಏನೂ ಗೊತ್ತಾಗುವುದಿಲ್ಲ. ದೊಡ್ಡ ಮೈಕಟ್ಟಿನ ಗಂಡಿಗೆ ಅದು ಸರಿಯಿರಬಹುದು, ಸಣ್ಣ ಹೆಣ್ಣಿಗೆ ಜಾಸ್ತಿ. ಕೈಯಿಂದ ಮುಟ್ಟಿ ನೋಡಿ. ಕಣ್ಣನ್ನು ನಂಬಬೇಡಿ, ಅದರಲ್ಲೂ ದಿನಾ ನೋಡುವ ಕಣ್ಣನ್ನು.

ನಾನು ಮೋಸ ಹೋಗಿದ್ದು ಅಲ್ಲೇ. ನನ್ನ ನಾಯಿಗೆ ಉದ್ದ ಕೂದಲು. ದುಂಡಗೆ ಕಂಡರೆ 'ಅದೆಲ್ಲ ಕೂದಲು' ಅಂತ ಎರಡು ವರ್ಷ ಹೇಳಿಕೊಂಡು ಬಂದೆ. ಒಂದು ದಿನ ಸ್ನಾನ ಮಾಡಿಸುವಾಗ ಕೂದಲೆಲ್ಲ ಮೈಗೆ ಅಂಟಿಕೊಂಡಿತು. ನಾಯಿ ಮಾತ್ರ ಚಿಕ್ಕದಾಗಲಿಲ್ಲ!

ಎಡಗೈ ಬೆರಳುಗಳನ್ನು ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿಯಿರಿ. ಮೇಲಿನ ಗೆಣ್ಣುಗಳ ಮೇಲೆ ಬಲಗೈ ಬೆರಳು ಆಡಿಸಿ. ಚರ್ಮದಡಿ ಮೂಳೆ ಒತ್ತದೆಯೇ ಸಿಗುತ್ತದೆ, ಅಲ್ವಾ? ಪಕ್ಕೆಲುಬು ಹಾಗೆ ಸಿಗಬೇಕು. ಈಗ ಮುಷ್ಟಿ ಕಟ್ಟಿ ಅದೇ ಗೆಣ್ಣು ಮುಟ್ಟಿ. ಪಕ್ಕೆಲುಬು ಅಷ್ಟು ಚೂಪಾಗಿದ್ದರೆ ನಾಯಿ ಬಡಕಲು. ಕೈ ತಿರುಗಿಸಿ ಅಂಗೈಯಲ್ಲಿ ಬೆರಳುಗಳ ಬುಡ ಒತ್ತಿ ನೋಡಿ. ಅಲ್ಲಿನ ಹಾಗೆ ಒತ್ತಿ ಹುಡುಕಬೇಕಾದರೆ ಕೊಬ್ಬು ಸೇರಿದೆ ಅಂತಲೇ ಲೆಕ್ಕ.

ಆಮೇಲೆ ನಿಲ್ಲಿಸಿ ಮೇಲಿನಿಂದ ನೋಡಿ, ಪಕ್ಕೆಲುಬು ಮುಗಿದ ಮೇಲೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಎದೆಯಿಂದ ಹಿಂಗಾಲಿನ ಕಡೆಗೆ ಹೊಟ್ಟೆ ಮೇಲಕ್ಕೆ ಏರಿರಬೇಕು. ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಒಂದೆರಡು ಪಕ್ಕೆಲುಬು ಕಣ್ಣಿಗೇ ಕಂಡರೂ ತಪ್ಪಿಲ್ಲ.

ಪಶುವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಹೇಳುತ್ತಾರೆ. 4 ಅಥವಾ 5 ಬಂದರೆ ಸರಿ. 5ರ ಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇಕಡ 10 ಹೆಚ್ಚುವರಿ ತೂಕ ಅಂತ ಒಂದು ಅಂದಾಜು. ನಿಮ್ಮ ನಾಯಿಗೆ 7 ಬಂದರೆ ಅದು 28 ಕಿಲೋ ಆಸುಪಾಸು ಇರಬೇಕಿತ್ತು. ತೂಕದ ಯಂತ್ರ ಬೇಕಾಗುವುದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು. ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರಾಯಿತು. 34 ಕಿಲೋ ಎತ್ತುವಾಗ ನಿಮ್ಮ ಬೆನ್ನು ಜೋಪಾನ.

'ಆದರೆ ಅದಕ್ಕೆ ಯಾವಾಗಲೂ ಹಸಿವು' ಅಂತೀರೇನೋ. ಲ್ಯಾಬ್ರಡಾರ್ ಮುಖ ನೋಡಿ ಊಟ ಹಾಕಬೇಡಿ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಮ್‌ಸಿ ಎಂಬ ಜೀನ್‌ನ ಒಂದು ತುಣುಕು ಇಲ್ಲ ಎಂದು 2016ರ ಅಧ್ಯಯನದಲ್ಲಿ ಕಂಡುಬಂತು. ಅಂಥವಕ್ಕೆ ಊಟದ ಆಸೆ ಜಾಸ್ತಿ. ನಮ್ಮ ಮನೆಯಲ್ಲಿ ಜೀನ್ ಅಲ್ಲ, ಒಬ್ಬೊಬ್ಬರೂ ಬೇರೆಯವರಿಗೆ ಗೊತ್ತಿಲ್ಲದ ಹಾಗೆ ತಿಂಡಿ ಹಾಕುತ್ತಿದ್ದರು. ಇಡೀ ದಿನದ ತಿಂಡಿಯನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಹಾಕಿಟ್ಟೆವು, ಅದು ಖಾಲಿಯಾದರೆ ಮುಗೀತು. ಇಳಿಸುವುದಾದರೆ ವಾರಕ್ಕೆ ತೂಕದ ಶೇಕಡ 1ರಿಂದ 2 ಸಾಕು, ಉಪವಾಸ ಕೆಡವಬೇಡಿ.

ಒಂದು ಮಾತ್ರ ಮನೆಯಲ್ಲಿ ಅಳೆಯುತ್ತಾ ಕೂರುವ ವಿಷಯ ಅಲ್ಲ. ಪಕ್ಕೆಲುಬು, ಬೆನ್ನೆಲುಬು ಚೂಪಾಗಿ ಸಿಗುತ್ತಿದ್ದು ಹೊಟ್ಟೆ ಮಾತ್ರ ಊದಿದ್ದರೆ ಅದು ಕೊಬ್ಬಲ್ಲ. ಹುಳುವೋ, ಹೊಟ್ಟೆಯಲ್ಲಿ ನೀರೋ ಇರಬಹುದು. ಆಗ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.