ಓದುಗರ ಪ್ರಶ್ನೆ, ನಮ್ಮ ಉತ್ತರ: ಡಯಲ್‌ಅಪ್ ಮೋಡೆಮ್‌ನಲ್ಲಿ ಜನ ಹುಡುಕುತ್ತಿದ್ದ ಗುಣಗಳು

ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ ಬಳಸುತ್ತಿದ್ದ ಕಾಲದ ಮೋಡೆಮ್‌ಗಳ ಬಗ್ಗೆ ಕಾಸರಗೋಡು ಮತ್ತು ಇತರ ಗಡಿಭಾಗಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೋಡೆಮ್ ಎಂದರೆ ಕಂಪ್ಯೂಟರಿನ ಅಂಕಿಗಳನ್ನು ಟೆಲಿಫೋನ್ ತಂತಿಯಲ್ಲಿ ಸಾಗುವ ಸ್ವರಗಳನ್ನಾಗಿಯೂ ಆ ಸ್ವರಗಳನ್ನು ಮತ್ತೆ ಅಂಕಿಗಳನ್ನಾಗಿಯೂ ಬದಲಾಯಿಸುವ ಉಪಕರಣ.

ಪ್ರಶ್ನೆ: ಮಾನ್ಯರೇ, ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆಂದು ಊರವರು ಮೂರು ಹಳೆಯ ಮೋಡೆಮ್‌ಗಳನ್ನು ಕೊಟ್ಟಿದ್ದಾರೆ. ಒಂದು 14.4ಕೆ, ಇನ್ನೊಂದು 33.6ಕೆ, ಮತ್ತೊಂದು 56ಕೆ. ಫಲಕದಲ್ಲಿ ವೇಗವನ್ನಷ್ಟೇ ಬರೆದರೆ ಸಾಕೇ? ಆಗಿನ ಬಳಕೆದಾರರು ಮೋಡೆಮ್ ಕೊಳ್ಳುವಾಗ ಬೇರೆ ಗುಣಗಳನ್ನೂ ನೋಡುತ್ತಿದ್ದರೇ?
– ಅಧ್ಯಾಪಿಕೆ, ಪೆರ್ಲ

ಉತ್ತರ: ವೇಗವನ್ನು ಬರೆಯಲೇಬೇಕು, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮಲ್ಲಿರುವ ಮೂರೂ ಮೋಡೆಮ್‌ಗಳು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬೇರೆ ಬೇರೆ ಮಾನಕಗಳಿಗೆ ಸೇರಿದವು. ಸೆಕೆಂಡಿಗೆ 14,400 ಬಿಟ್ ಸಾಗಿಸುವ ವಿ.32ಬಿಸ್ ಮಾನಕ 1991ರಲ್ಲಿ ಬಂತು. 28,800 ಬಿಟ್‌ಗಳ ವಿ.34 1994ರಲ್ಲಿ ಬಂದು 1996ರಲ್ಲಿ 33,600ಕ್ಕೆ ಏರಿತು. 56,000 ಬಿಟ್‌ಗಳ ವಿ.90 1998ರಲ್ಲಿ ಬಂತು. ಶುದ್ಧವಾದ ಲೈನಿನಲ್ಲಿ ಒಂದು ಎಂಬಿ ಗಾತ್ರದ ಕಡತವನ್ನು ಇಳಿಸಿಕೊಳ್ಳಲು ಮೊದಲನೆಯದಕ್ಕೆ ಸುಮಾರು ಹತ್ತು ನಿಮಿಷ ಬೇಕಾಗುತ್ತಿದ್ದರೆ, 33,600ರ ಮೋಡೆಮ್‌ಗೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಸಾಕಾಗುತ್ತಿತ್ತು.

ಅಂಥ ಶುದ್ಧವಾದ ಲೈನು ನಮ್ಮ ಹಳ್ಳಿಗಳ ಎಷ್ಟು ಮನೆಗಳಿಗಿತ್ತು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಎಕ್ಸ್‌ಚೇಂಜಿನಿಂದ ಹೊರಟ ತಾಮ್ರದ ಜೋಡಿ ತಂತಿ ಕಂಬದಿಂದ ಕಂಬಕ್ಕೆ, ಅಡಿಕೆ ತೋಟಗಳ ನಡುವೆ, ಹಲವು ಕಡೆ ಜೋಡಣೆಗೊಂಡು ಮನೆ ಸೇರುತ್ತಿತ್ತು. ಮಳೆಗಾಲದಲ್ಲಿ ಆ ಜೋಡಣೆಗಳಿಗೆ ತೇವ ಹಿಡಿದರೆ ಮಾತನಾಡುವಾಗಲೇ ಕರಕರ ಸದ್ದು ಕೇಳಿಸುತ್ತಿತ್ತು. ಕಿವಿ ಆ ಸದ್ದನ್ನು ಸಹಿಸಿಕೊಳ್ಳುತ್ತದೆ. ಮೋಡೆಮ್‌ಗೆ ಅದು ಕಳೆದುಹೋದ ಅಕ್ಷರ, ಇಲ್ಲವೇ ಕಡಿದುಹೋದ ಕರೆ. ಕರೆ ಕಡಿದರೆ ಮತ್ತೆ ಡಯಲ್ ಮಾಡಬೇಕು, ಅದಕ್ಕೆ ಹೊಸದಾಗಿ ಮೀಟರು ಓಡುತ್ತದೆ, ಅರ್ಧ ಇಳಿದ ಕಡತವನ್ನು ಅನೇಕ ವೇಳೆ ಮೊದಲಿನಿಂದಲೇ ಇಳಿಸಬೇಕು. ಆದುದರಿಂದ ಅನುಭವವಿದ್ದ ಬಳಕೆದಾರರ ಮೊದಲ ಬಯಕೆ, ಒಮ್ಮೆ ಸಿಕ್ಕಿದ ಸಂಪರ್ಕವನ್ನು ಬಿಡದೆ ಹಿಡಿದುಕೊಳ್ಳುವ ಮೋಡೆಮ್ ಆಗಿತ್ತು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಫಲಕದ ಮೊದಲ ವಾಕ್ಯ ಇದೇ ಆಗಬೇಕು.

ಹಿಡಿದುಕೊಳ್ಳುವ ಈ ಗುಣ ಎರಡು ಕಡೆಯಿಂದ ಬರುತ್ತಿತ್ತು. ಒಂದು, ಲೈನು ಕೆಟ್ಟಾಗ ಕರೆಯನ್ನು ಕಡಿಯದೆ ವೇಗವನ್ನು ಇಳಿಸಿಕೊಳ್ಳುವುದು, ಸುಧಾರಿಸಿದಾಗ ಮತ್ತೆ ಏರಿಸುವುದು. ವಿ.34 ಮೋಡೆಮ್ ಕರೆಯ ಆರಂಭದಲ್ಲಿಯೇ ಬೇರೆ ಬೇರೆ ಸ್ವರಗಳನ್ನು ಕಳುಹಿಸಿ ಲೈನನ್ನು ಪರೀಕ್ಷಿಸುತ್ತದೆ. ಆಮೇಲೂ 2,400 ಬಿಟ್‌ಗಳ ಮೆಟ್ಟಿಲುಗಳಲ್ಲಿ ಏರಿಳಿಯಬಲ್ಲದು. ಇದಕ್ಕೂ ಮೊದಲು, 1985ರಲ್ಲಿ ಬಂದ ಟೆಲಿಬಿಟ್ ಟ್ರೈಲ್‌ಬ್ಲೇಜರ್ ಎಂಬ ದುಬಾರಿ ಮೋಡೆಮ್ ಟೆಲಿಫೋನ್ ತಂತಿ ಸಾಗಿಸುವ ಸ್ವರಗಳ ವ್ಯಾಪ್ತಿಯನ್ನು ನೂರಾರು ಕಿರಿದಾದ ಭಾಗಗಳಾಗಿ ವಿಂಗಡಿಸಿ, ಗದ್ದಲವಿದ್ದ ಭಾಗಗಳನ್ನು ಮಾತ್ರ ಬಿಟ್ಟು ಉಳಿದವುಗಳಲ್ಲಿ ಕೆಲಸ ಮಾಡುತ್ತಿತ್ತು. ಮುಂದೆ ಟೆಲಿಫೋನ್ ತಂತಿಯಲ್ಲೇ ಬಂದ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಹಿಡಿದದ್ದೂ ಇದೇ ದಾರಿ. ಎರಡನೆಯದು ದೋಷ ತಿದ್ದುವ ಶಕ್ತಿ. 1988ರ ವಿ.42 ಮಾನಕವಿರುವ ಮೋಡೆಮ್ ದತ್ತಾಂಶವನ್ನು ತುಂಡುಗಳಾಗಿ ಕಳುಹಿಸುತ್ತದೆ. ತುಂಡೊಂದು ಕೆಟ್ಟಿದೆ ಎಂದು ಆಚೆಯ ಮೋಡೆಮ್‌ಗೆ ತಿಳಿದರೆ ಅದನ್ನೇ ಮತ್ತೆ ಕೇಳಿ ಪಡೆಯುತ್ತದೆ. ಇದಕ್ಕೆ ಜೊತೆಯಾದ ವಿ.42ಬಿಸ್ ದತ್ತಾಂಶವನ್ನು ಕುಗ್ಗಿಸಿ ಕಳುಹಿಸುತ್ತಿತ್ತು. ನಾಲ್ಕು ಪಟ್ಟು ಕುಗ್ಗಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತಿತ್ತು, ಆದರೆ ಅಂಥ ಲಾಭ ಬರಹದ ಕಡತಗಳಿಗೆ ಮಾತ್ರ. ಮೊದಲೇ ಕುಗ್ಗಿಸಿದ ಜಿಪ್ ಕಡತಕ್ಕೆ ಅಥವಾ ಚಿತ್ರಕ್ಕೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಅದಕ್ಕಿಂತ ಹಳೆಯ ಎಂಎನ್‌ಪಿ 5 ಎಂಬ ವಿಧಾನವಂತೂ ಅಂಥ ಕಡತಗಳನ್ನು ಇನ್ನಷ್ಟು ಉಬ್ಬಿಸಿಬಿಡುತ್ತಿತ್ತು.

ಇನ್ನು ಆಜ್ಞೆಗಳ ಮಾತು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಹುಟ್ಟಿದ, ‘ಎಟಿ’ ಎಂದು ಆರಂಭವಾಗುವ ಆಜ್ಞೆಗಳನ್ನು ಮೋಡೆಮ್ ಪೂರ್ತಿಯಾಗಿ ಪಾಲಿಸಬೇಕೆಂದು ಜನ ಬಯಸುತ್ತಿದ್ದರು. ನಮ್ಮ ದೇಶದ ಡಯಲ್ ಟೋನ್ ಅಮೆರಿಕದ ಟೋನ್‌ಗಿಂತ ಬೇರೆ. ಅಲ್ಲಿಗಾಗಿ ತಯಾರಾದ ಮೋಡೆಮ್ ಇಲ್ಲಿ ‘ಡಯಲ್ ಟೋನ್ ಇಲ್ಲ’ ಎಂದು ಹಟ ಹಿಡಿದಾಗ ‘ಎಕ್ಸ್3’ ಎಂಬ ಆಜ್ಞೆ ಕೊಟ್ಟರೆ ಟೋನ್‌ಗೆ ಕಾಯದೆ ಡಯಲ್ ಮಾಡುತ್ತಿತ್ತು. ಪ್ರತಿ ಅಂಕಿಗೂ ಬೇರೆ ಸ್ವರ ಕಳುಹಿಸುವ ಟೋನ್ ಡಯಲಿಂಗ್ ಇಲ್ಲದ ಹಳೆಯ ಎಕ್ಸ್‌ಚೇಂಜುಗಳಿಗೆ ‘ಡಿಟಿ’ಯ ಬದಲು ‘ಡಿಪಿ’ ಎಂದು ಕೊಟ್ಟು, ಲೈನನ್ನು ಕಡಿದು ಕೂಡಿಸಿ ಅಂಕಿ ತಿಳಿಸುವ ಪಲ್ಸ್ ಡಯಲಿಂಗ್ ಮಾಡಬೇಕಿತ್ತು. ಎಲ್ಲಕ್ಕಿಂತ ಉಪಯುಕ್ತವಾಗಿದ್ದುದು ‘ಎಸ್10’ ಎಂಬ ರಿಜಿಸ್ಟರ್, ಅಂದರೆ ಮೋಡೆಮ್ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವ ಜಾಗ. ಆಚೆಯ ಸಂಕೇತ ಮಾಯವಾದಾಗ ಎಷ್ಟು ಹೊತ್ತು ಕಾದು ಕರೆಯನ್ನು ಕಡಿಯಬೇಕು ಎಂಬುದನ್ನು ಸೆಕೆಂಡಿನ ಹತ್ತನೇ ಒಂದರ ಲೆಕ್ಕದಲ್ಲಿ ಅದು ಹೇಳುತ್ತದೆ. ಅಲ್ಲಿ 50 ಎಂದು ಬರೆದರೆ ಮೋಡೆಮ್ ಐದು ಸೆಕೆಂಡು ಕಾಯುತ್ತದೆ. ಲೈನಿನಲ್ಲಿ ಕ್ಷಣಕಾಲ ಅಡಚಣೆಯಾದರೂ ಸಂಪರ್ಕ ಉಳಿಯುವಂತೆ ಮಾಡುತ್ತಿದ್ದ ಈ ಸಣ್ಣ ಸೌಲಭ್ಯ ಹಳ್ಳಿಯ ಬಳಕೆದಾರರಿಗೆ ದೊಡ್ಡ ಉಪಕಾರ ಮಾಡಿದೆ. ಇಂದಿನ ಮೊಬೈಲ್ ಡಾಂಗಲ್‌ಗಳ ಒಳಗೂ ಎಟಿ ಆಜ್ಞೆಗಳು ಇನ್ನೂ ಇವೆ ಎಂಬುದನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಿ.

ಮೋಡೆಮ್‌ನ ಮುಖದಲ್ಲಿರುವ ಕೆಂಪು ದೀಪಗಳನ್ನೂ ಫಲಕದಲ್ಲಿ ವಿವರಿಸಿ. ‘ಸಿಡಿ’ ಎಂದರೆ ಆಚೆಯ ಸಂಕೇತ ಸಿಕ್ಕಿದೆ, ‘ಓಎಚ್’ ಎಂದರೆ ಲೈನು ಹಿಡಿದಿದೆ, ‘ಆರ್‌ಡಿ’ ಮಿನುಗಿದರೆ ದತ್ತಾಂಶ ಬರುತ್ತಿದೆ ಎಂದು ಅರ್ಥ. ಪರದೆಯ ಮೇಲೆ ಏನೂ ಅಲುಗಾಡದೆ ನಿಂತಾಗ ತಪ್ಪು ಎಲ್ಲಿದೆ ಎಂದು ತಿಳಿಯಲು ಈ ದೀಪಗಳೇ ಆಧಾರವಾಗಿದ್ದುದರಿಂದ, ಬೆಲೆ ಹೆಚ್ಚಾದರೂ ಹೊರಗಿಡುವ ಮೋಡೆಮ್‌ಗಳನ್ನು ಹಲವರು ಇಷ್ಟಪಡುತ್ತಿದ್ದರು.

ಪ್ರಶ್ನೆ: 1999ರಲ್ಲಿ ನಮ್ಮ ಅಂಗಡಿಗೆ 56ಕೆ ಮೋಡೆಮ್ ತಂದಿದ್ದೆವು. ಒಮ್ಮೆಯೂ 56 ಎಂದು ತೋರಿಸಲಿಲ್ಲ, ಕಳುಹಿಸುವ ವೇಗವಂತೂ ಹಳೆಯ ಮೋಡೆಮ್‌ನಷ್ಟೇ ಇತ್ತು. ಮಾರಿದವರು ಮೋಸ ಮಾಡಿದರೇ?
– ಓದುಗರು, ಹೊಸೂರು

ಉತ್ತರ: ಮೋಸವಲ್ಲ, ಆ ಸಂಖ್ಯೆಯ ಹಿಂದಿನ ಷರತ್ತನ್ನು ಯಾರೂ ನಿಮಗೆ ಬಿಡಿಸಿ ಹೇಳಲಿಲ್ಲ, ಅಷ್ಟೆ. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಪ್ರತಿ ಅಳತೆಯಲ್ಲಿ 7 ಬಿಟ್‌ಗಳನ್ನು ನಂಬಿ ಬಳಸಬಹುದು ಎಂದುಕೊಂಡರೆ 56,000 ಆಗುತ್ತದೆ. ಇಂಟರ್‌ನೆಟ್ ಸೇವೆ ಕೊಡುವವರ ಉಪಕರಣ ನೇರವಾಗಿ ಡಿಜಿಟಲ್ ಮಾರ್ಗಕ್ಕೆ ಜೋಡಣೆಯಾಗಿದ್ದರೆ ಮಾತ್ರ, ಅಂದರೆ ಅವರಿಂದ ನಿಮ್ಮವರೆಗಿನ ದಾರಿಯಲ್ಲಿ ಅಂಕಿಯನ್ನು ಧ್ವನಿಯಾಗಿ ಬದಲಾಯಿಸುವ ಕೆಲಸ ಒಂದೇ ಸಲ ನಡೆದರೆ ಮಾತ್ರ, ಈ ಲೆಕ್ಕ ಸರಿಹೋಗುತ್ತದೆ. ನೀವು ಕಳುಹಿಸಿದ್ದನ್ನು ಎಕ್ಸ್‌ಚೇಂಜ್ ಮತ್ತೆ ಅಳೆಯಲೇಬೇಕಾದ್ದರಿಂದ ಆ ದಿಕ್ಕಿನಲ್ಲಿ ವಿ.90 ಮೋಡೆಮ್‌ನ ಮಿತಿ 33,600. ತಂತಿ ಉದ್ದವಾಗಿದ್ದರೆ ಬರುವ ವೇಗವೂ ಇಳಿಯುತ್ತದೆ. ನಡುವೆ ಇನ್ನೊಂದು ಪರಿವರ್ತನೆ ನಡೆದರೆ ಮೋಡೆಮ್ ಹಳೆಯ ವಿ.34ಕ್ಕೇ ಮರಳುತ್ತದೆ.

1997ರಲ್ಲಿ 56ಕೆಗೆ ಎಕ್ಸ್2 ಮತ್ತು ಕೆ56ಫ್ಲೆಕ್ಸ್ ಎಂಬ ಎರಡು ಪದ್ಧತಿಗಳಿದ್ದವು, ಒಂದರ ಮೋಡೆಮ್ ಇನ್ನೊಂದರೊಡನೆ ಆ ವೇಗದಲ್ಲಿ ಮಾತನಾಡುತ್ತಿರಲಿಲ್ಲ. ಮರುವರ್ಷ ವಿ.90 ಬಂದಾಗ, ಒಳಗಿನ ತಂತ್ರಾಂಶವನ್ನು ಬದಲಾಯಿಸಿಕೊಳ್ಳಬಲ್ಲ ಫ್ಲ್ಯಾಷ್ ಮೆಮೊರಿ ಇದ್ದ ಮೋಡೆಮ್‌ಗಳ ಒಡೆಯರು ಹೊಸದನ್ನು ಕೊಳ್ಳದೆಯೇ ಅದಕ್ಕೆ ಏರಿಸಿಕೊಂಡರು. ಈ ಗುಣಕ್ಕೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಾಗಲಿಲ್ಲ. ಲೈನು ದುರ್ಬಲವಾಗಿದ್ದವರು ‘ಎಂಎಸ್’ ಆಜ್ಞೆಯ ಮೂಲಕ ವಿ.90ಅನ್ನೇ ನಿಲ್ಲಿಸಿ, ಮೋಡೆಮ್ ವಿ.34ರಲ್ಲಿ ನಿಲ್ಲುವಂತೆ ಮಾಡುತ್ತಿದ್ದರು. ಪದೇ ಪದೇ ಮೇಲಕ್ಕೇರಲು ಯತ್ನಿಸಿ ಕಡಿದುಹೋಗುವ 44,000ಕ್ಕಿಂತ ಕದಲದೆ ನಿಲ್ಲುವ 31,200 ಎಷ್ಟೋ ಮೇಲು. ಇಂಟರ್‌ನೆಟ್‌ನಲ್ಲಿರುವಾಗ ಮನೆಗೆ ಕರೆ ಬಂದರೆ ತಿಳಿಯಬೇಕು, ಸಂಪರ್ಕವನ್ನು ತಡೆಹಿಡಿದು ಮಾತನಾಡುವಂತಿರಬೇಕು ಎಂಬ ಬಹುಕಾಲದ ಬೇಡಿಕೆಯನ್ನು 2000ದ ವಿ.92 ಮಾನಕ ಒಪ್ಪಿಕೊಂಡಿತು. ಆದರೆ ಅದಕ್ಕೆ ಸೇವೆ ಕೊಡುವವರ ಕಡೆಯ ಉಪಕರಣವೂ ಬದಲಾಗಬೇಕಿತ್ತು, ಅಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಬಂತು.

ಪ್ರಶ್ನೆ: ಆ ಕಾಲದಲ್ಲಿ ಸಿಡಿಲಿಗೆ ನಮ್ಮ ಮೋಡೆಮ್‌ಗಳು ಮತ್ತೆ ಮತ್ತೆ ಸುಟ್ಟುಹೋಗಿವೆ. ತಯಾರಕರು ಅದಕ್ಕೊಂದು ರಕ್ಷಣೆ ಕೊಡಬಹುದಿತ್ತಲ್ಲವೇ?
– ಕೃಷಿಕರು, ಬದಿಯಡ್ಕ

ಉತ್ತರ: ಕೊಡಬಹುದಿತ್ತು, ಕೆಲವರು ಕೊಟ್ಟಿದ್ದರು ಕೂಡ, ಆದರೆ ನಮ್ಮ ಜಿಲ್ಲೆಯ ಸಿಡಿಲಿಗೆ ಅದು ಸಾಲದು. ಮುಂಗಾರಿಗೆ ಮೊದಲು ಎಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್–ನವೆಂಬರಿನ ತುಲಾವರ್ಷದಲ್ಲಿ ಸಂಜೆ ಗುಡುಗು ಮಿಂಚು ಇಲ್ಲಿ ಸಾಮಾನ್ಯ. ದೂರದಲ್ಲಿ ಸಿಡಿಲು ಬಡಿದರೂ ಕಂಬದ ಮೇಲಿನ ಉದ್ದನೆಯ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಉಂಟಾಗುತ್ತದೆ. ಮೋಡೆಮ್‌ಗೆ ಒಂದು ಕಡೆ ಟೆಲಿಫೋನ್ ತಂತಿ, ಇನ್ನೊಂದು ಕಡೆ ವಿದ್ಯುತ್ತಿನ ಸಂಪರ್ಕವಿರುವುದರಿಂದ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೆಲ್ಲ ಅದರೊಳಗೇ ಹಾಯುತ್ತದೆ. ಒಳಗೆ ಹಾಕುತ್ತಿದ್ದ ವ್ಯಾರಿಸ್ಟರ್ ಎಂಬ ಭಾಗ ಸಣ್ಣ ಆಘಾತಗಳನ್ನು ತಡೆಯುತ್ತದೆ, ಆದರೆ ಪ್ರತಿ ಆಘಾತಕ್ಕೂ ತಾನೇ ಸ್ವಲ್ಪ ಸವೆಯುತ್ತದೆ. ಲೈನು ಮನೆಗೆ ಬರುವಲ್ಲಿ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ, ಅನಿಲ ತುಂಬಿದ ಅರೆಸ್ಟರ್ ಹಾಕುವುದು ಇನ್ನೂ ಒಳ್ಳೆಯ ಉಪಾಯ, ಆದರೆ ಅದಕ್ಕೆ ಒಳ್ಳೆಯ ಅರ್ಥಿಂಗ್ ಬೇಕು. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ನೆಲದಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಎಷ್ಟೇ ರಕ್ಷಣೆಯಿದ್ದರೂ ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ಟೆಲಿಫೋನ್ ಮತ್ತು ವಿದ್ಯುತ್ತು ಎರಡರ ಪಿನ್ನನ್ನೂ ಕಳಚಿಡುವುದು ಸರಿಯಾದ ಕ್ರಮ. ಇಂದಿನ ರೂಟರ್‌ಗಳಿಗೂ ಅದನ್ನೇ ಪಾಲಿಸಿ.

ಪ್ರಶ್ನೆ: ಹಳೆಯ ಕಂಪ್ಯೂಟರಿನ ಒಳಗಿದ್ದ ಮೋಡೆಮ್ ಕಾರ್ಡು ವಿಂಡೋಸ್‌ನಲ್ಲಿ ನಡೆಯುತ್ತಿತ್ತು, ಲಿನಕ್ಸ್‌ನಲ್ಲಿ ಕಾಣಿಸುವುದೇ ಇಲ್ಲ. ಏಕೆ?
– ಓದುಗರು, ಅಕ್ಕಲಕೋಟೆ

ಉತ್ತರ: ಅದು ಅಗ್ಗದ ‘ವಿನ್‌ಮೋಡೆಮ್’ ಮಾದರಿಯ ಕಾರ್ಡು ಆಗಿರಬೇಕು. ಮೋಡೆಮ್ ಮಾಡಬೇಕಾದ ಲೆಕ್ಕಾಚಾರವನ್ನು ಅಂಥ ಕಾರ್ಡು ಕಂಪ್ಯೂಟರಿನ ಪ್ರೊಸೆಸರಿಗೆ ಒಪ್ಪಿಸುತ್ತದೆ, ತಯಾರಕರು ಅದಕ್ಕೆ ಬೇಕಾದ ತಂತ್ರಾಂಶವನ್ನು ಬಹುಪಾಲು ವಿಂಡೋಸ್‌ಗೆ ಮಾತ್ರ ಕೊಟ್ಟರು. ಸೀರಿಯಲ್ ಪೋರ್ಟಿಗೆ, ಅಂದರೆ ದತ್ತಾಂಶ ಒಂದೊಂದೇ ಬಿಟ್ ಆಗಿ ಸಾಗುವ ಸಾಕೆಟ್‌ಗೆ, ಜೋಡಿಸುವ ಹೊರಗಿನ ಮೋಡೆಮ್‌ಗೆ ಈ ತೊಂದರೆಯಿಲ್ಲ. ಆದರೆ ಕಂಪ್ಯೂಟರ್ ತೀರಾ ಹಳೆಯದಾಗಿದ್ದರೆ ಅದರ ಸೀರಿಯಲ್ ಪೋರ್ಟಿನ ಚಿಪ್ 16550ಎ ಆಗಿದೆಯೇ ನೋಡಿ. ಅದರಲ್ಲಿ 16 ಬೈಟುಗಳ ಸಂಗ್ರಹವಿದೆ. ಮೊದಲಿನ ಚಿಪ್‌ಗಳಲ್ಲಿ ಒಂದೇ ಬೈಟ್ ಇದ್ದುದರಿಂದ ವೇಗದ ಮೋಡೆಮ್ ಜೋಡಿಸಿದಾಗ ಅಕ್ಷರಗಳು ಕಂಪ್ಯೂಟರಿನ ಬಾಗಿಲಲ್ಲೇ ಕಳೆದುಹೋಗುತ್ತಿದ್ದವು.

ಪ್ರಶ್ನೆ: ನಮ್ಮ ಬಳಿ 33.6ಕೆ ಮತ್ತು 56ಕೆ ಮೋಡೆಮ್‌ಗಳಿವೆ, ಟೆಲಿಫೋನ್ ಲೈನು ಇಲ್ಲ. ಅವುಗಳನ್ನು ಒಂದಕ್ಕೊಂದು ಮಾತನಾಡಿಸಬಹುದೇ?
– ಪ್ಲಸ್ ಟು ವಿದ್ಯಾರ್ಥಿ, ಕುಂಬಳೆ

ಉತ್ತರ: ಮಾತನಾಡಿಸಬಹುದು, ಪೆರ್ಲದ ಅಧ್ಯಾಪಿಕೆಯವರಿಗೂ ಈ ಪ್ರಯೋಗ ಉಪಯೋಗಕ್ಕೆ ಬಂದೀತು. ಎರಡೂ ಮೋಡೆಮ್‌ಗಳ ಲೈನ್ ಸಾಕೆಟ್‌ಗಳನ್ನು ಸಾಮಾನ್ಯ ಟೆಲಿಫೋನ್ ತಂತಿಯಿಂದ ಜೋಡಿಸಿ, ಪ್ರತಿಯೊಂದನ್ನೂ ಯುಎಸ್‌ಬಿ–ಸೀರಿಯಲ್ ಕೇಬಲಿನ ಮೂಲಕ ಒಂದೊಂದು ಕಂಪ್ಯೂಟರಿಗೆ ಹಾಕಿ, ಮೋಡೆಮ್‌ಗೆ ಆಜ್ಞೆಗಳನ್ನು ಟೈಪ್ ಮಾಡಲು ಬಳಸುವ ಟರ್ಮಿನಲ್ ತಂತ್ರಾಂಶ ತೆರೆಯಿರಿ. ಒಂದರಲ್ಲಿ ‘ಎಟಿಎಕ್ಸ್3ಡಿ’ (ಟೋನ್‌ಗೆ ಕಾಯದೆ ಕರೆ ಮಾಡು) ಎಂದೂ ಇನ್ನೊಂದರಲ್ಲಿ ‘ಎಟಿಎ’ (ಕರೆಗೆ ಉತ್ತರಿಸು) ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಅನೇಕ ಮೋಡೆಮ್‌ಗಳು ಲೈನಿನ ವೋಲ್ಟೇಜ್ ಇಲ್ಲದೆಯೂ ಕೆಲಸ ಮಾಡುತ್ತವೆ. ಮಾಡದಿದ್ದರೆ ಜೋಡಿ ತಂತಿಗಳಲ್ಲಿ ಒಂದನ್ನು ಕತ್ತರಿಸಿ, ಆ ಜಾಗದಲ್ಲಿ 9 ವೋಲ್ಟ್ ಬ್ಯಾಟರಿಯನ್ನೂ ಕೆಲವು ನೂರು ಓಮ್‌ನ ರೆಸಿಸ್ಟರನ್ನೂ ಒಂದರ ಹಿಂದೊಂದು ಬರುವಂತೆ ಸೇರಿಸಿ. ಮನೆಯ ವಿದ್ಯುತ್ತನ್ನು ಎಂದೂ ಜೋಡಿಸಬೇಡಿ. ನಡುವೆ ಡಿಜಿಟಲ್ ಎಕ್ಸ್‌ಚೇಂಜ್ ಇಲ್ಲದ ಕಾರಣ ವೇಗ 33,600ನ್ನು ದಾಟುವುದಿಲ್ಲ.

ಸಂಪರ್ಕ ಸಿಕ್ಕಿದ ಮೇಲೆ ಅದೇ ತಂತಿಗೆ ಸಾಧಾರಣ ಟೆಲಿಫೋನೊಂದನ್ನು ಸೇರಿಸಿ, ಒಂದು ಕಡೆಯಿಂದ ದೊಡ್ಡ ಬರಹವೊಂದನ್ನು ಕಳುಹಿಸುತ್ತಿರುವಾಗ ಅದರ ರಿಸೀವರನ್ನು ಎತ್ತಿ ಇಡಿ. ದೋಷ ತಿದ್ದುವ ವ್ಯವಸ್ಥೆ ಚಾಲೂ ಇದ್ದರೆ ಬರಹ ತುಸು ತಡೆದು ನಿಂತು ಮತ್ತೆ ಸರಿಯಾಗಿಯೇ ಬರುತ್ತದೆ. ಕೈಪಿಡಿ ನೋಡಿ ಅದನ್ನು ಆಫ್ ಮಾಡಿ ಮತ್ತೆ ಸಂಪರ್ಕಿಸಿದರೆ ಅಕ್ಷರಗಳ ನಡುವೆ ಅರ್ಥವಿಲ್ಲದ ಚಿಹ್ನೆಗಳು ತುಂಬಿಕೊಳ್ಳುತ್ತವೆ. ‘ಎಸ್10’ರ ಬೆಲೆಯನ್ನು ಹೆಚ್ಚು ಕಡಿಮೆ ಮಾಡಿ, ಎಷ್ಟು ಅಡಚಣೆಗೆ ಕರೆ ಕಡಿಯುತ್ತದೆ ಎಂದೂ ಪರೀಕ್ಷಿಸಿ ನೋಡಿ.