ಐದು ನಿಮಿಷದ ಸೆಟ್: ಯಾರ ಮಾತು ನಂಬಬೇಕು?

ಕಲಬುರಗಿಯ ಓಪನ್ ಮೈಕ್‌ನಲ್ಲಿ (ಹೊಸಬರೂ ಮೈಕ್ ಹಿಡಿದು ನೋಡಬಹುದಾದ ಕಾರ್ಯಕ್ರಮ) ಐದು ನಿಮಿಷ ಸ್ಟ್ಯಾಂಡಪ್ ಕಾಮಿಡಿ ಮಾಡಿದೆ, ಗೆಳೆಯರು ಸೂಪರ್ ಅಂದರು, ಆದರೆ ಜನ ನಗಲಿಲ್ಲ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಜನರನ್ನೇ ನಂಬಿ. ಇಡೀ ಸೆಟ್, ಅಂದರೆ ವೇದಿಕೆ ಮೇಲೆ ಹೇಳೋ ಅಷ್ಟನ್ನೂ, ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮಾರನೇ ದಿನ ಒಬ್ಬರೇ ಕೂತು ಕೇಳಿ, ನಗು ಬಂದ ಕಡೆಯೆಲ್ಲ ಸ್ಕ್ರಿಪ್ಟ್‌ನಲ್ಲಿ ಗೆರೆ ಎಳೆಯಿರಿ. ಗೆರೆಯೇ ಇಲ್ಲದೆ ಉದ್ದಕ್ಕೆ ಹೋಗಿರೋ ಜಾಗ ಕಾಣುತ್ತೆ ಅಲ್ವಾ, ಅಲ್ಲಿ ಕತ್ತರಿ ಹಾಕಿ.

ನಮ್ಮ ಕಡೆ ಜನ ಗಂಗಾವತಿ ಪ್ರಾಣೇಶ್ ಅವರಂಥವರ ಹಾಸ್ಯ ಕಾರ್ಯಕ್ರಮ ಕೇಳಿ ರೂಢಿಯಾದವರು. ಅಲ್ಲಿ ಕಥೆ ನಿಧಾನವಾಗಿ ಬೆಳೆಯೋಕೆ ಟೈಮ್ ಇರುತ್ತೆ. ನಿಮಗೆ ಅಷ್ಟು ಟೈಮ್ ಇಲ್ಲ, ಮೊದಲ ಅರ್ಧ ನಿಮಿಷದಲ್ಲೇ ಒಂದು ನಗು ಬರಬೇಕು.

ನೀವು ಹಾಕಿರೋ ಬಸ್ ಜೋಕ್ ನೋಡಿ: 'ಚಿಲ್ಲರೆ ಕೇಳಿದರೆ ಕಂಡಕ್ಟರ್ ಕೊಟ್ಟಿದ್ದು ಉಪದೇಶ ಅಂತ ಮನೇಲಿ ಹೇಳಿದೆ.' ನಗು ಇರೋದು ಉಪದೇಶದಲ್ಲಿ. ಅಲ್ಲೇ ನಿಲ್ಲಿಸಿ, ಸ್ವಲ್ಪ ತಡೆಯಿರಿ. ಮುಂದಿನ ಮಾತು ನಗುವನ್ನು ನುಂಗುತ್ತಿದೆ.

ಗೆಳೆಯರನ್ನು 'ಹೇಗಿತ್ತು' ಅಂತ ಕೇಳಿದರೆ ಸುಮ್ನೆ ಚೆನ್ನಾಗಿತ್ತು ಅಂತಾರೆ. 'ಎಲ್ಲಿ ಬೋರ್ ಆಯ್ತು' ಅಂತ ಕೇಳಿ. ಅವತ್ತು ನಿಮ್ಮ ಜೊತೆ ಮೈಕ್ ಹಿಡಿದ ಬೇರೆಯವರನ್ನು ಕೇಳಿದರೆ ಇನ್ನೂ ಒಳ್ಳೇದು. ಮುಂದಿನ ಸಲ ಹೊಸ ಸೆಟ್ ಬೇಡ, ಇದನ್ನೇ ತಿದ್ದಿ ಮಾಡಿ, ಇಲ್ಲದಿದ್ದರೆ ಯಾವ ಬದಲಾವಣೆ ಕೆಲಸ ಮಾಡಿತು ಅಂತ ಗೊತ್ತೇ ಆಗಲ್ಲ.